ತಿಪ್ಪಿ ಮ್ಯಾಲಿಂದ ಎತ್ತಿಕೊಂಡ ಕೂಸು

ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ ಹೆಸರು ಕೇಳಿದಾಗ ಆ ಆಯಿ ಮೊದಲು ಸೊಸೆಯ ಮುಖ ನೋಡಿದರು. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ‘ತಿಪ್ಪವ್ವ ಅಂತಾರ್ರಿ’ ಎಂದರು ಆಯಿ, ಸ್ವಲ್ಪ ಗಟ್ಟಿಯಾಗಿಯೇ.

‘ನಾ ಹುಟ್ಟೂಕಿಂತ ಮದ್ಲ ನಮ್ಮವ್ವಗ ಮೂರ ಕೂಸ ಹುಟ್ಟಿ ಹ್ವಾದ್ವು, ತಮ್ಮಾ. ನಾ ಹುಟ್ಟಿದ ಕೂಡ್ಲೆ ಮರದಾಗ ಮಲಗಿಸಿ ತಿಪ್ಪಿ ಮ್ಯಾಲ ಇಟ್ರಂತ. ಮಗ್ಗಲ ಮನಿ ಮುದುಕಿ ಬಂದು, ಯಾರದೋ ಕೂಸ ಬಿದ್ದದ ಅಂತ ಎತಗೊಂಡ್ಲಂತ. ಆಮ್ಯಾಲ ಒಂದ ಸೇರ ಜ್ವಾಳಾ ಕೊಟ್ಟು ನಮ್ಮವ್ವ ನನ್ನ ಕೊಂಡಕೊಂಡ್ಲು.’ ಒಂದು ಕ್ಷಣ ಬಿಟ್ಟು, ‘ಈಗಾದ್ರ ಜ್ವಾಳಾ ಭಾಳ ತುಟ್ಟಿ’ ಎಂದರು. ಸೊಸೆಯ ನಗು ನಿಂತಿತ್ತು. ಈ ಕತೆ ಅವಳೂ ಕೇಳಿರಲಿಲ್ಲವೇನೋ.

ಸಾವಿನ ಕಣ್ಣಿಗೆ ಮಣ್ಣೆರಚುವ ಈ ಉಪಾಯ ನಮ್ಮೊಬ್ಬರದೇ ಅಲ್ಲ. ತೆಲುಗರ ಪೆಂಟಮ್ಮ, ತಮಿಳರ ಕುಪ್ಪಮ್ಮಾಳ್, ಮರಾಠಿಗರ ಉಕಿರಡಾ ಎಲ್ಲರೂ ತಿಪ್ಪೆಯಿಂದಲೇ ಎದ್ದು ಬಂದವರು. ನಮ್ಮ ಕಲ್ಲವ್ವ, ಗುಂಡವ್ವ, ತಿರಕವ್ವರಲ್ಲೂ ಹಲವರು ಇದೇ ಬಳಗ. ಚಿತ್ರದುರ್ಗದ ಕಡೆಯ ತಿಪ್ಪಮ್ಮ, ತಿಪ್ಪೇಸ್ವಾಮಿಯರ ಲೆಕ್ಕ ಬೇರೆ. ಅಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನ ಬಲವಿದೆ. 1969ರಲ್ಲಿ ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರೂ ತಿಪ್ಪೇರುದ್ರಸ್ವಾಮಿಯೇ. ಗಂಡಸಿನ ಹೆಸರಾದರೆ ಪ್ರಶಸ್ತಿಪತ್ರದಲ್ಲೂ ಒಪ್ಪುತ್ತದೆ, ಹೆಂಗಸಿನದಾದರೆ ಸೊಸೆ ನಗುತ್ತಾಳೆ!

ಇವೆಲ್ಲ ದೃಷ್ಟಿಗೆ ಹೆದರಿ ಇಟ್ಟ ‘ಕೆಟ್ಟ ಹೆಸರು’ಗಳು ಎಂದು ಬರೆದು ಮುಗಿಸುವುದು ರೂಢಿ. ತಿಪ್ಪೆ ಕೆಟ್ಟದ್ದು ಎಂದವರು ಯಾರು? ದೀಪಾವಳಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಮ್ಮೆ ಸುತ್ತಾಡಿ. ಸೆಗಣಿಯ ಪಾಂಡವರನ್ನು ಮಾಡಿ, ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜಿಸುತ್ತಾರೆ. ಹೊಸ್ತಿಲಿಗೆ ಇಟ್ಟಂತೆ ತಿಪ್ಪೆಗೂ ದೀಪ ಇಡುತ್ತಾರೆ. ವರ್ಷವಿಡೀ ಸೆಗಣಿ, ಬೂದಿ, ಕಣಕಿಯ ಕಸ ತಿಂದು ಕಳಿತು, ಬ್ಯಾಸಗಿಯಲ್ಲಿ ಬಂಡಿಯೇರಿ ಎರಿಹೊಲಕ್ಕೆ ಹೋಗುವ ತಿಪ್ಪೆ ಒಕ್ಕಲಿಗನ ಮನೆಯ ಲಕ್ಷ್ಮಿ. ಕೂಸನ್ನು ಇಟ್ಟದ್ದು ಅಂಥವಳ ಮಡಿಲಿಗೆ. ಹಾಗೆಂದು ನನ್ನ ಗುಮಾನಿ. ಪಂಡಿತರು ಒಪ್ಪದಿದ್ದರೂ ಬಿಡಲಾರೆ.

ಇನ್ನೊಂದು ತಕರಾರು. ತಿಪ್ಪವ್ವನನ್ನು ಸಾಕವ್ವನ ಜೊತೆ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಸಾಲಾಗಿ ಹೆಣ್ಣೇ ಹುಟ್ಟಿದಾಗ ‘ಸಾಕಪ್ಪಾ ಸಾಕು’ ಎಂದು ಇಟ್ಟ ಹೆಸರು ಸಾಕವ್ವ. ಮಹಾರಾಷ್ಟ್ರದಲ್ಲಿ ಅದೇ ‘ನಕೋಶಿ’, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲಾಡಳಿತ ಸಮಾರಂಭವನ್ನೇ ಏರ್ಪಡಿಸಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ಒಳ್ಳೆಯದೇ ಆಯಿತು. ತಿಪ್ಪವ್ವ ಮಾತ್ರ ಬೇಡವಾದವಳಲ್ಲ. ಹೆಣ್ಣೆಂದು ಗೊತ್ತಿದ್ದೂ, ಬದುಕಲಿ ಎಂದು ಬೇಡಿ, ಜೋಳ ಅಳೆದು ಕೊಟ್ಟು ಉಳಿಸಿಕೊಂಡವಳು.

ಈಗ ಕೂಸುಗಳಿಗೆ ಲಸಿಕೆ ಇದೆ. ತಿಪ್ಪೆಯ ಹಂಗಿಲ್ಲ, ಹೆಸರಿಡುವವರೂ ಇಲ್ಲ. ಇರುವ ತಿಪ್ಪವ್ವರನ್ನಾದರೂ ಆಧಾರ್ ಕಾರ್ಡಿನಲ್ಲಿ ‘ದೀಪಾ’ ಮಾಡಿಸುವ ಮುನ್ನ, ನಿಮ್ಮನ್ನು ಎತ್ತಿಕೊಂಡವರು ಯಾರು, ಏನು ಕೊಟ್ಟು ಕೊಂಡರು ಎಂದು ಕೇಳಿ ಬರೆದಿಟ್ಟುಕೊಳ್ಳಿ.