ಮೂವತ್ತಾರು ಕಂತು ಯಾರ ಪಾಲು?

ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 2,000 ರೂಪಾಯಿಯ ಎಸ್‌ಐಪಿ, 15 ವರ್ಷ. ಕೈಯಿಂದ ಕಟ್ಟುವುದು 3,60,000. ಲೆಕ್ಕಕ್ಕೆಂದು ವರ್ಷಕ್ಕೆ ಶೇ 10ರ ಬೆಳವಣಿಗೆ ಹಿಡಿದರೆ ಕೊನೆಗೆ ಸುಮಾರು 8,29,000 ಆಗುತ್ತದೆ. ಶೇ 9 ಹಿಡಿದರೆ 7,57,000. ನಡುವಿನ 72,000 ಎಂದರೆ ಸರಿಯಾಗಿ 36 ಕಂತಿನ ಹಣ. ಶೇ 10 ಬಂದೇ ಬರುತ್ತದೆಂದು ಯಾರೂ ಬರೆದುಕೊಡಲಾರರು. ಆದರೆ ಕಳೆದುಹೋಗುವ ಆ ಶೇ 1 ಎಷ್ಟು, ಯಾರಿಗೆ ಎಂಬುದನ್ನು ಮೊದಲೇ ತಿಳಿಯಬಹುದು.

2013ರ ಜನವರಿ 1ರಿಂದ ಪ್ರತಿ ಫಂಡ್‌ಗೂ ಎರಡು ಬಾಗಿಲು: ಏಜೆಂಟರ ಮೂಲಕ ಹೂಡುವ ರೆಗ್ಯುಲರ್, ನೇರವಾಗಿ ಹೂಡುವ ಡೈರೆಕ್ಟ್. ಷೇರುಗಳಲ್ಲಿ ಹೂಡುವ ಹಲವು ಈಕ್ವಿಟಿ ಫಂಡ್‌ಗಳಲ್ಲಿ ಇವೆರಡರ ವೆಚ್ಚದ ಅಂತರ ವರ್ಷಕ್ಕೆ ಶೇ 0.5ರಿಂದ 1ರ ಆಸುಪಾಸು. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಅದೂ ಕಟ್ಟಿದ ಕಂತಿನ ಮೇಲಲ್ಲ, ಬೆಳೆದು ನಿಂತ ಇಡೀ ಗಂಟಿನ ಮೇಲೆ, ವರ್ಷ ವರ್ಷವೂ. ನೋಂದಾಯಿತ ಚೀಟಿಯಲ್ಲಿ ನಡೆಸುವವರು ಕಮಿಷನ್ (2019ರ ತಿದ್ದುಪಡಿಯ ನಂತರ ಗರಿಷ್ಠ ಶೇ 7) ಎಲ್ಲರೆದುರೇ ಮುರಿದುಕೊಳ್ಳುತ್ತಾರೆ. ಫಂಡ್‌ನಲ್ಲಿ ಅದು ದಿನದಿನದ ಎನ್‌ಎವಿಯಲ್ಲೇ (ಯೂನಿಟ್‌ನ ಬೆಲೆ) ಕರಗುವುದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾಮಿನಿ, ಕೆವೈಸಿ, ಹಣ ವಾಪಸಿನ ಹೊತ್ತಿಗೆ ನಿಜವಾಗಿ ಓಡಾಡುವ ಏಜೆಂಟರಿದ್ದರೆ ಕೊಡುವುದು ನ್ಯಾಯವೇ. ಸಹಿ ಹಾಕಿಸಿಕೊಂಡು ಮತ್ತೆ ಕಾಣದವರಿಗೆ 36 ಕಂತು ಕೊಡುವುದು ಅನ್ಯಾಯ.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಂಥ ಕಡೆ ಇನ್ನೊಂದು ಸೋರಿಕೆಯಿದೆ, ನನ್ನ ಮಟ್ಟಿಗೆ ಅದು ಇದಕ್ಕಿಂತ ಕೆಟ್ಟದ್ದು. ಶೇಂಗಾ, ಈರುಳ್ಳಿ ಮಾರಿದಾಗ ಹಣ ಒಮ್ಮೆಗೇ ಬರುತ್ತದೆ. ಎಸ್‌ಐಪಿ ಮಾತ್ರ ಸಂಬಳದವರ ಹಾಗೆ ತಿಂಗಳಿಗೊಮ್ಮೆ ಕೇಳುತ್ತದೆ. ಬಿತ್ತನೆಯ ಸಮಯದಲ್ಲಿ ಖಾತೆ ಬರಿದಾಗಿದ್ದರೆ ಕಂತು ಬೌನ್ಸ್. ಫಂಡ್ ಕಂಪನಿ ದಂಡ ಹಾಕುವುದಿಲ್ಲ, ಬ್ಯಾಂಕ್ ಹಾಕುತ್ತದೆ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. 250 ಎಂದು ಹಿಡಿದರೂ ಶೇ 18 ಜಿಎಸ್‌ಟಿ ಸೇರಿ 295. ಅಂದರೆ 2,000ದ ಕಂತಿಗೆ ಹೆಚ್ಚುಕಡಿಮೆ ಶೇ 15, ಇಡೀ ವರ್ಷಕ್ಕೆ ನಾವು ಆಸೆಪಟ್ಟ ಲಾಭಕ್ಕಿಂತಲೂ ಹೆಚ್ಚು! ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದು.

ಇದಕ್ಕೆ ದಾರಿ ಎಸ್‌ಟಿಪಿ, ಅಂದರೆ ಒಂದು ಫಂಡ್‌ನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾವಣೆ. ಫಸಲು ಮಾರಿದ ವಾರವೇ ವರ್ಷದ 24,000ವನ್ನು ಲಿಕ್ವಿಡ್ ಫಂಡ್‌ಗೆ ಹಾಕಿ, ಅಲ್ಲಿಂದ ತಿಂಗಳಿಗೆ 2,000 ಅದೇ ಕಂಪನಿಯ ಈಕ್ವಿಟಿ ಫಂಡ್‌ಗೆ ಹೋಗುವಂತೆ ಬರೆದುಕೊಡಬೇಕು. ಬ್ಯಾಂಕ್ ಖಾತೆಯ ಗೊಡವೆಯಿಲ್ಲ, ಬೌನ್ಸ್‌ನ ಭಯವಿಲ್ಲ. ಏಳು ದಿನ ದಾಟಿದ ಮೇಲೆ ಲಿಕ್ವಿಡ್ ಫಂಡ್‌ನಿಂದ ತೆಗೆದರೆ ನಿರ್ಗಮನ ಶುಲ್ಕವೂ ಇಲ್ಲ.

ಮಿಕ್ಕ ಖರ್ಚು ಚಿಲ್ಲರೆ. ಮುದ್ರಾಂಕ ಶುಲ್ಕ ಶೇ 0.005, ಅಂದರೆ 2,000ಕ್ಕೆ 10 ಪೈಸೆ. ತೆರಿಗೆಯ ಭಯ ಇರುವುದಕ್ಕಿಂತ ದೊಡ್ಡದಾಗಿ ಹಬ್ಬಿದೆ. ಈಕ್ವಿಟಿ ಫಂಡನ್ನು ವರ್ಷ ದಾಟಿದ ಮೇಲೆ ಮಾರಿದರೆ, ಆ ಹಣಕಾಸು ವರ್ಷದ ಲಾಭದಲ್ಲಿ ಮೊದಲ 1,25,000ಕ್ಕೆ ತೆರಿಗೆಯಿಲ್ಲ, ಮುಂದಿನದಕ್ಕೆ ಶೇ 12.5. ಬೇಸಾಯ ಬಿಟ್ಟು ಬೇರೆ ಆದಾಯವಿಲ್ಲದವರಿಗೆ ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿಯೂ ಒದಗುತ್ತದೆ. ಮೇಲಿನ ಶೇ 9ರ ಲೆಕ್ಕದ 3,97,000 ಲಾಭಕ್ಕೆ ಅಂಥವರು ಕಟ್ಟಬೇಕಾದ ತೆರಿಗೆ ಸೊನ್ನೆ. ಸಂಬಳದವರು ಮಾರ್ಚ್ 31ರ ಮುಂಚೆ ಅರ್ಧ, ಆಮೇಲೆ ಅರ್ಧ ಮಾರಿದರೆ 15,625 ಉಳಿಯುತ್ತದೆ.

ಈಗಾಗಲೇ ರೆಗ್ಯುಲರ್‌ನಲ್ಲಿರುವವರು ಈ ಲೆಕ್ಕ ನೋಡಿದ ಸಿಟ್ಟಿನಲ್ಲಿ ಎಲ್ಲವನ್ನೂ ಡೈರೆಕ್ಟ್‌ಗೆ ಬದಲಿಸಬೇಡಿ. ಬದಲಾವಣೆಯೂ ಮಾರಾಟವೆಂದೇ ಲೆಕ್ಕ. ಬಹುಪಾಲು ಈಕ್ವಿಟಿ ಫಂಡ್‌ಗಳಲ್ಲಿ ವರ್ಷ ತುಂಬದ ಯೂನಿಟ್‌ಗಳಿಗೆ ಶೇ 1 ನಿರ್ಗಮನ ಶುಲ್ಕವಿದೆ, ಲಾಭದ ಮೇಲೆ ಶೇ 20 ತೆರಿಗೆಯೂ ಬೀಳಬಹುದು. ಮುಂದಿನ ಕಂತನ್ನು ಡೈರೆಕ್ಟ್‌ನಲ್ಲಿ ಶುರುಮಾಡಿ, ಹಳೆಯ ಯೂನಿಟ್‌ಗಳನ್ನು ವರ್ಷ ತುಂಬಿದ ಹಾಗೆ, ಒಂದು ಹಣಕಾಸು ವರ್ಷದ ಲಾಭ 1,25,000 ಮೀರದಂತೆ ಸರಿಸಿ.