ನಿಮಗಿದು ಗೊತ್ತೇ? ಟರ್ಮಿನಲ್‌ನಲ್ಲಿ ಕನ್ನಡ ಒಡೆಯುವುದೇಕೆ

ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಪರದೆ ಚದುರಂಗದ ಹಾಸಿನಂತೆ ಮನೆ ಮನೆಯಾಗಿ ಹಂಚಿಹೋಗಿದೆ. ಮನೆಗೊಂದು ಅಕ್ಷರ, ಎಲ್ಲಕ್ಕೂ ಒಂದೇ ಅಗಲ. 1978ರಲ್ಲಿ ಬಂದ ವಿಟಿ100 ಯಂತ್ರದಲ್ಲಿ ಸಾಲಿಗೆ 80 ಮನೆ, ಒಟ್ಟು 24 ಸಾಲು. ಇಂದಿಗೂ ಎಷ್ಟೋ ಟರ್ಮಿನಲ್ ಕಿಟಕಿಗಳು ಇದೇ ಅಳತೆಗೆ ತೆರೆದುಕೊಳ್ಳುತ್ತವೆ. ಆ 80ರ ಮೂಲ ಇನ್ನೂ ಹಳೆಯದು: 1928ರ ಐಬಿಎಂ ಪಂಚ್ ಕಾರ್ಡ್.

'ಸ್ತ್ರೀ' ನಮಗೆ ಒಂದೇ ಅಕ್ಷರ. ಯೂನಿಕೋಡ್‌ಗೆ ಅದು ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ಕೊನೆಗೆ ಈಕಾರದ ಚಿಹ್ನೆ. ಸಂಕೇತಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟ್. ಟರ್ಮಿನಲ್ ಇದಕ್ಕೆ ಎಷ್ಟು ಮನೆ ಕೊಡಬೇಕು? ಕಂಪ್ಯೂಟರ್ ವಿಜ್ಞಾನಿ ಮಾರ್ಕುಸ್ ಕೂನ್ ಬರೆದ, ಹಲವು ಟರ್ಮಿನಲ್‌ಗಳು ಬಳಸಿಕೊಂಡ ಅಗಲದ ಪಟ್ಟಿಯ ಪ್ರಕಾರ ನಾಲ್ಕು! ಅದೇ ಪಟ್ಟಿಯಲ್ಲಿ ಗುಡಿಸಿಗೆ ಸೊನ್ನೆ ಅಗಲ, ಇಳಿಗೆ ಒಂದು. ಹಾಗಾಗಿ 'ಕಿ' ಒಂದು ಮನೆ, 'ಕಾ' ಎರಡು ಮನೆ. ಫಾಂಟ್ ಒಂದು ಅಗಲದಲ್ಲಿ ಬರೆಯುತ್ತದೆ, ಪ್ರೋಗ್ರಾಂ ಇನ್ನೊಂದು ಅಗಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕರ್ಸರ್ ಪದದಿಂದ ದೂರ ಹೋಗಿ ನಿಲ್ಲುವುದು, ಬ್ಯಾಕ್‌ಸ್ಪೇಸ್ ಒತ್ತಿದಾಗ ಪಕ್ಕದ ಅಕ್ಷರದ ಚೂರು ಉಳಿಯುವುದು, ಕನ್ನಡ ಹೆಸರಿನ ಫೈಲುಗಳ ಪಟ್ಟಿ ಸೊಟ್ಟಗಾಗುವುದು ಬಹುಪಾಲು ಇದರಿಂದಲೇ. ಬೈಗುಳ ಮಾತ್ರ ಫಾಂಟಿಗೆ ಬೀಳುತ್ತದೆ, ಇದು ನ್ಯಾಯವಲ್ಲ.

'ಸೂರ್ಯ' ಎಂಬುದು 'ಸೂರ್‌ಯ' ಆಗಿ, 'ಅಕ್ಷರ' ಎಂಬುದು 'ಅಕ್‌ಷರ' ಆಗಿ ಕಾಣುತ್ತಿದೆಯೇ? ಫಾಂಟ್ ಬದಲಾಯಿಸಿ ಫಲವಿಲ್ಲ. ಒತ್ತಕ್ಷರ, ಅರ್ಕಾವತ್ತುಗಳ ಆಕಾರ ಫಾಂಟಿನೊಳಗೆ ಇದ್ದೇ ಇರುತ್ತದೆ. ಅವನ್ನು ಆರಿಸಿ ಜೋಡಿಸಲು ಹಾರ್ಫ್‌ಬಜ್‌ನಂಥ ಶೇಪಿಂಗ್ ಎಂಜಿನ್ ಬೇಕು. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರ್‌ಗಳು ಅದನ್ನು ಬಳಸುತ್ತವೆ. ಒಂದೊಂದೇ ಸಂಕೇತವನ್ನು ಬಿಡಿಬಿಡಿಯಾಗಿ ಬರೆಯುವ ಟರ್ಮಿನಲ್‌ನಲ್ಲಿ ಆ ಜೋಡಣೆ ನಡೆಯುವುದೇ ಇಲ್ಲ. ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟು ಈ ಕೆಲಸ ಮಾಡಿಕೊಂಡಿದೆ. ಮಿಕ್ಕವರೂ ಮಾಡಬೇಕಾದ ಕೆಲಸ ಇದು.

ಖಾಲಿ ಚೌಕಗಳು ಕಂಡರೆ ಫಾಂಟಿನಲ್ಲಿ ಆ ಅಕ್ಷರವಿಲ್ಲ ಎಂದರ್ಥ. ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಕಾಯಿಲೆಯೇ ಬೇರೆ: ಬಂದ ಬೈಟುಗಳು ಯುಟಿಎಫ್-8ರ ನಿಯಮಕ್ಕೆ ಹೊಂದುತ್ತಿಲ್ಲ.

ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಅದರ ಬೆನ್ನಿಗೆ ಮೇಲಕ್ಕೇರಿದ ಪುಟ್ಟ 2 ಅಥವಾ 3, ಸಾಲು ತುಂಬ ಇದೇ ಮರುಕಳಿಸಿದರೆ ಅದು ಕನ್ನಡವೇ ಇರಬಹುದು! ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಪಶ್ಚಿಮ ಯುರೋಪಿನ ಹಳೆಯ ಸಂಕೇತ ಪಟ್ಟಿ ಹಿಡಿದು ಓದಿದರೆ ಅವು ಹೀಗೆ ಕಾಣುತ್ತವೆ. ಕಡತ ಹಾಳಾಯಿತೆಂದು ದಯವಿಟ್ಟು ಅಳಿಸಬೇಡಿ. ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಬದಲಾಯಿಸಿ ನೋಡಿ. ಆ ತಪ್ಪು ರೂಪದಲ್ಲೇ ಮತ್ತೆ ಸೇವ್ ಮಾಡದಿದ್ದರೆ ಒಳಗಿನ ಬರಹ ಸುರಕ್ಷಿತ.

ಕೆಲವೆಡೆ ಅಕ್ಷರಗಳ ಆಕಾರಕ್ಕೇ ಜಾಗದ ಇಕ್ಕಟ್ಟು. ಬರೀ ಅಕ್ಷರಗಳನ್ನಷ್ಟೇ ತೋರಿಸುವ ವಿಜಿಎ ಪಠ್ಯ ಕ್ರಮದ ಲಿನಕ್ಸ್ ಕನ್ಸೋಲ್‌ನಲ್ಲಿ ಫಾಂಟ್ ಒಂದಕ್ಕೆ 256 ಆಕಾರಗಳ ಜಾಗ, ಹೆಚ್ಚೆಂದರೆ 512. ಹೆಚ್ಚಿನದು ಬೇಕೆಂದರೆ ಬಣ್ಣ ಬಿಟ್ಟುಕೊಡಬೇಕು: ಅಕ್ಷರದ 16 ಬಣ್ಣಗಳು 8ಕ್ಕೆ ಇಳಿಯುತ್ತವೆ.

ಡಾಸ್ ಕಾಲದಲ್ಲಿ ಕನ್ನಡ ಮೂಡಿಸಲು ಕಂಪ್ಯೂಟರಿನೊಳಗೆ ಪ್ರತ್ಯೇಕ ಕಾರ್ಡನ್ನೇ ಕೂರಿಸುತ್ತಿದ್ದರು. ಐಐಟಿ ಕಾನ್ಪುರದಲ್ಲಿ ಬೇರುಬಿಟ್ಟು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಅದು. ಇಂಗ್ಲಿಷಿಗೆಂದೇ ಮಾಡಿದ ಪರದೆಯಲ್ಲಿ ಭಾರತೀಯ ಲಿಪಿಗಳಿಗೆ ಜಾಗ ಮಾಡಿಕೊಟ್ಟ ದೊಡ್ಡ ಸಾಧನೆ.

ಟರ್ಮಿನಲ್ಲಿನಲ್ಲಿ ಇಂಗ್ಲಿಷೂ ಒಡೆಯುವುದುಂಟು. ಚಿತ್ರವೋ ಪ್ರೋಗ್ರಾಮೋ ಆದ ಕಡತವನ್ನು ಮರೆತು ಟರ್ಮಿನಲ್‌ಗೆ ಸುರಿದರೆ, ಕೆಲವೊಮ್ಮೆ ಮುಂದೆ ಬರೆದದ್ದೆಲ್ಲ ಗೆರೆಗಳಾಗುತ್ತದೆ. ಇಂಗ್ಲಿಷಿನ ಸಣ್ಣಕ್ಷರ 'ಕ್ಯೂ' ಅಡ್ಡಗೆರೆ, 'ಎಕ್ಸ್' ನೆಟ್ಟಗೆರೆ. ದೊಡ್ಡಕ್ಷರಗಳು ಮಾತ್ರ ಹಾಗೇ ಇರುತ್ತವೆ. ಕಡತದ ಯಾವುದೋ ಬೈಟುಗಳನ್ನು ಟರ್ಮಿನಲ್ ತನಗೆ ಬಂದ ಆಜ್ಞೆ ಎಂದುಕೊಂಡು, ವಿಟಿ100 ಕಾಲದ ಗೆರೆಚಿತ್ರಗಳ ಗಣಕ್ಕೆ ಹೊರಳಿರುತ್ತದೆ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ 'ರಿಸೆಟ್' (reset) ಎಂದು ಟೈಪ್ ಮಾಡಿ. ಟೈಪಿಸಿದ್ದೂ ಗೆರೆಗಳಾಗಿಯೇ ಕಾಣುತ್ತದೆ, ಹೆದರದೆ ಎಂಟರ್ ಒತ್ತಿ.