ರೋಗಕ್ಕೆ ಮುಂಚೆ ಮಾತು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಕೋಟೆಯ ಊರಾದ ವಿಜಯಪುರದವರಿಗೆ ಹೊಸದಲ್ಲ. ಆದರೂ ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ನಾವು ದಿಡ್ಡಿಯನ್ನು ನೆನೆಯುವುದು ಕೊಳ್ಳೆಯಾದ ಬಳಿಕವೇ. ಔಷಧ, ಸಲಕರಣೆಗಳನ್ನು ಮುಂಚಿತವಾಗಿ ಕೂಡಿಡುವ ಯೋಚನೆ ಸರಕಾರಕ್ಕೆ ಉಂಟು. ಮಾತನ್ನು ಕೂಡಿಡುವ ಯೋಚನೆ ಅಪರೂಪ. ಹಕ್ಕಿಜ್ವರದಂಥ ಬೇನೆಯಲ್ಲಿ ಮೊದಲು ಬೇಕಾಗುವುದಾದರೋ ಮಾತೇ.

ಈ ಜ್ವರ ನಮಗೆ ದೂರದ್ದೇನಲ್ಲ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಎಚ್5ಎನ್1 ಎಂಬ ವಿಷಾಣು ಮನುಷ್ಯರಿಗೂ ತಗುಲಿ, ಕಾಯಿಲೆ ಬಿದ್ದ 18 ಜನರಲ್ಲಿ 6 ಮಂದಿ ಅಸುನೀಗಿದರು. 2006ರ ಫೆಬ್ರವರಿಯಲ್ಲಿ ಅದು ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ ಕಾಣಿಸಿತು; ಭಾರತದಲ್ಲಿ ಅದೇ ಮೊದಲು. 2012ರಲ್ಲಿ ಹೆಸರಘಟ್ಟಕ್ಕೂ, 2020ರಲ್ಲಿ ಮೈಸೂರಿಗೂ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಿಗೂ ಹಕ್ಕಿಜ್ವರ ಬಂದಿತು. ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡುವ ಗುಣ ಅದಕ್ಕಿನ್ನೂ ಬಂದಿಲ್ಲ. ಬಂದೀತೆಂಬ ಶಂಕೆಯೇ ವೈದ್ಯಲೋಕವನ್ನು ಎಚ್ಚರವಾಗಿಟ್ಟಿದೆ.

ತಿಕೋಟಾ ತಾಲೂಕಿನ ಘೋಣಸಗಿಯಂಥ ಊರೊಂದನ್ನು ಕಣ್ಣಮುಂದಿಟ್ಟುಕೊಂಡು ಯೋಚಿಸೋಣ. ಹಿತ್ತಿಲಲ್ಲಿ ನಾಲ್ಕು ಜವಾರಿ ಕೋಳಿ ಸತ್ತರೆ ಮನೆಯಾಕೆ ಬೆದರುವುದಿಲ್ಲ. ಕೊಕ್ಕರೆ ರೋಗವೆಂದು ನಿಟ್ಟುಸಿರಿಟ್ಟು, ಸತ್ತವನ್ನು ಎಸೆದು ಬರುತ್ತಾಳೆ. ಅವಳ ಅನುಭವ ಸುಳ್ಳಲ್ಲ. ಆ ರೋಗ ನಮ್ಮ ಕೋಳಿಗಳನ್ನು ಬಹುಕಾಲದಿಂದ ಕಾಡುತ್ತಲೇ ಬಂದಿದೆ. ಬರಿಗಣ್ಣಿಗೆ ಎರಡು ಬೇನೆಗಳೂ ಒಂದೇ ತೆರನಾಗಿ ತೋರಬಹುದು. ಬೇರ್ಪಡಿಸಿ ಹೇಳಬೇಕಾದುದು ಪ್ರಯೋಗಶಾಲೆ. ಇಂಥ ಗೃಹಿಣಿಗೆ ‘ಜೈವಿಕ ಸುರಕ್ಷತೆ’, ‘ಕಣ್ಗಾವಲು ವಲಯ’ ಎಂಬ ಸುತ್ತೋಲೆಯ ಕನ್ನಡದಿಂದ ಏನು ಪ್ರಯೋಜನ? ಒಮ್ಮೆಲೆ ಹಲವು ಕೋಳಿ ಸತ್ತರೆ ಬರಿಗೈಯಿಂದ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ, ದನದ ದವಾಖಾನೆಗೆ ತಿಳಿಸಿ ಎಂದರೆ ಸಾಕು.

ಆದರೆ ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಲೇಬೇಕು. ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ. ಅದಕ್ಕೆ ಸರಕಾರ ಪರಿಹಾರ ಕೊಡುತ್ತದೆ. ಕೊಲ್ಲುವ ಸುದ್ದಿ ಮೊದಲು ಬಂದು ಪರಿಹಾರದ ಸುದ್ದಿ ತಡವಾದರೆ, ಉಳಿದ ಕೋಳಿಗಳು ರಾತ್ರೋರಾತ್ರಿ ಸಂತೆಯ ಹಾದಿ ಹಿಡಿಯುತ್ತವೆ. ಅವುಗಳೊಡನೆ ರೋಗವೂ ಹೊರಡುತ್ತದೆ. ಬಡವಳ ಗುಟ್ಟನ್ನು ಅಪರಾಧವೆನ್ನುವ ಮೊದಲು ಆ ಗುಟ್ಟಿಗೆ ಕಾರಣವಾದ ಭಯವನ್ನು ಕಳೆಯಬೇಕು.

ಇತಿಹಾಸದ ಪಾಠವೂ ಇದೇ. 1896ರಲ್ಲಿ ಪ್ಲೇಗು ಮುಂಬಯಿಯಲ್ಲಿ ಕಾಣಿಸಿಕೊಂಡಾಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ವಿಶೇಷ ಬಲವನ್ನಿತ್ತಿತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ಜನ ರೋಗಿಗಳನ್ನು ಬಚ್ಚಿಟ್ಟರು. ಪ್ಲೇಗಿನ ಅಧಿಕಾರಿ ರ್‍ಯಾಂಡನು ಅದೇ ಜೂನ್ ತಿಂಗಳಿನಲ್ಲಿ ಗುಂಡೇಟಿಗೆ ಗುರಿಯಾದನು. ವಿವರಿಸಿ ಹೇಳದೆ ಬಂದ ಚಿಕಿತ್ಸೆ ಜನರ ಕಣ್ಣಿಗೆ ದಂಡಯಾತ್ರೆಯಂತೆ ಕಂಡಿತು.

ಹೇಳಬೇಕಾದವರು ಸುಮ್ಮನಿದ್ದರೆ ಗಾಳಿಸುದ್ದಿ ಮಾತಾಡುತ್ತದೆ. ಕೋಳಿಮಾಂಸದಿಂದ ಕೊರೋನಾ ಬರುತ್ತದೆಂಬ ಸುಳ್ಳು 2020ರಲ್ಲಿ ಹಬ್ಬಿದಾಗ ಬೆಲೆ ಕುಸಿದು, ಗೋಕಾಕ ತಾಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂತರು. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಗಳಿಂದ ಹಕ್ಕಿಜ್ವರ ತಗುಲುವುದಿಲ್ಲ; 70 ಡಿಗ್ರಿ ಶಾಖ ಒಳಭಾಗಕ್ಕೆಲ್ಲ ತಾಗಿದರೆ ವಿಷಾಣು ಉಳಿಯದು. ಈ ಸಂಗತಿಯನ್ನು ಮೊದಲ ದಿನವೇ ಸಾರಿದರೆ ಎಷ್ಟೋ ಮನೆಗಳ ಜೀವನ ಉಳಿದೀತು.

ಆದ್ದರಿಂದ ಮಾತಿನ ಸಿದ್ಧತೆ ಇಂದೇ ನಡೆಯಲಿ. ಪಶುವೈದ್ಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಗುರುಗಳು, ಆಕಾಶವಾಣಿ, ಎಲ್ಲರ ಬಾಯಲ್ಲೂ ಒಂದೇ ಸುದ್ದಿ ಇರಬೇಕು. ಗಡಿನಾಡಾದ್ದರಿಂದ ಅದು ಮರಾಠಿ, ಉರ್ದುಗಳಲ್ಲಿಯೂ ಸಿದ್ಧವಿರಬೇಕು. ತಿಳಿದಷ್ಟನ್ನು ತಿಳಿದಿದೆಯೆಂದೂ ತಿಳಿಯದ್ದನ್ನು ಇನ್ನೂ ತಿಳಿದಿಲ್ಲವೆಂದೂ ಹೇಳುವ ಧೈರ್ಯ ಅಧಿಕಾರಿಗಳಿಗಿರಲಿ. ಕರಡನ್ನು ಅಚ್ಚಿಗೆ ಕಳುಹಿಸುವ ಮುನ್ನ ಘೋಣಸಗಿಯ ಕೋಳಿ ಸಾಕುವ ಹೆಣ್ಣುಮಕ್ಕಳೆದುರು ಒಮ್ಮೆ ಓದಿ ನೋಡಲಿ. ಅವರು ತಿರುಗಿ ಪ್ರಶ್ನೆ ಕೇಳಿದರೆ, ತಿದ್ದಬೇಕಾದುದು ಆ ಕರಡೇ.